ಉಳಿದ ಚೌಕು ಮಡಿಗಳು

ಮಸ್ಕಿ
9-8-1985

ಕೃಷಿ ಸಹಾಯಕರಾದ ಆದೆಪ್ಪನವರಿಗೆ ಶಿವಬಸಮ್ಮ ಮಾಡುವ ಶರಣು.

ಲಿಂಗಸುಗೂರು ರಸ್ತೆಯ ಹೊಲದ ದೊಡ್ಡಬಸಪ್ಪನವರ ಮನೆಯವಳು ಎಂದರೆ ನಿಮಗೆ ಗುರುತು ಹತ್ತುತ್ತದೆ. ನಿಮ್ಮನ್ನು ಸಿಂಧನೂರಿಗೆ ವರ್ಗ ಮಾಡಿದರೆಂದು ಸೊಸೈಟಿಯಲ್ಲಿ ಹೇಳಿದರು. ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಕೇಳಲು ಬೇರೆ ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ. ನಾನು ಏಳನೆಯ ತರಗತಿವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಜೂನ್ ಹನ್ನೆರಡರಂದು ನಮ್ಮವರಿಗೆ ಸಿಡಿಲು ಬಡಿದ ಮೇಲೆ ಆ ಹೊಲಕ್ಕೆ ಯಾರೂ ಹೋಗಿರಲಿಲ್ಲ. ಎಡಗಡೆಯ ಎತ್ತೂ ಅಲ್ಲೇ ಹೋಯಿತು. ಬಲಗಡೆಯದು ಕೊಟ್ಟಿಗೆಯಲ್ಲಿದೆ. ಮೊನ್ನೆ ಆಶ್ಲೇಷಾ ಮಳೆ ಒಂದು ತಾಸು ಬಿತ್ತು. ಮರುದಿನ ಹೋಗಿ ನೋಡಿದೆ. ನೀವು ಹೇಳಿಕೊಟ್ಟಂತೆ ನಮ್ಮವರು ನಾಲ್ಕೂ ಕಡೆ ಬದು ಹಾಕಿ ಕಟ್ಟಿದ್ದ ಚೌಕು ಮಡಿಗಳಲ್ಲಿ ನೀರು ಹಾಗೆಯೇ ನಿಂತಿತ್ತು. ಕಟ್ಟದೆ ಉಳಿದ ಕಡೆಯ ನೀರು ಮಣ್ಣು ಎಳೆದುಕೊಂಡು ಹಳ್ಳಕ್ಕೆ ಹೋಗಿತ್ತು. ನಾಲ್ಕು ಎಕರೆಯಲ್ಲಿ ಎರಡೂವರೆ ಆಗಿದೆ, ಒಂದೂವರೆ ಉಳಿದಿದೆ.

ಉಳಿದದ್ದನ್ನು ಈಗ ಕಟ್ಟಿದರೆ ಉಪಯೋಗ ಉಂಟೇ? ಒಂದೊಂದು ಮಡಿ ಎಷ್ಟು ಅಡಿ ಇರಬೇಕು? ಬದು ಎಷ್ಟು ಎತ್ತರ? ನಮ್ಮವರಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಮೈದುನ ಅಂಬಪ್ಪ ಎಲ್ಲ ಹರಗಿ ಸಪಾಟು ಮಾಡಬೇಕೆನ್ನುತ್ತಾನೆ. ಜನ ಮೊದಲಿನಿಂದಲೂ ನಗುತ್ತಿದ್ದರು. ನಮ್ಮವರು ಅಗೆಯುವಾಗ ರಸ್ತೆಯಲ್ಲಿ ನಿಂತು, "ಏನಲೇ ದೊಡ್ಡಬಸ್ಯಾ, ನೆಲದ ಮ್ಯಾಲ ಚೌಕಾಬಾರ ಬರದು ಯಾರ ಕೂಡ ಆಡಾವ?" ಎನ್ನುತ್ತಿದ್ದರು. ಈಗ ಯಾರೂ ನಗುವುದಿಲ್ಲ. ಆ ಕಡೆ ನೋಡುವುದೂ ಇಲ್ಲ.

ಮನೆಯಲ್ಲಿ ನಾನು, ಅತ್ತೆ ಗ್ಯಾನಮ್ಮ ಇಬ್ಬರೂ ಚೆನ್ನಾಗಿದ್ದೇವೆ.

ಶಿವಬಸಮ್ಮ


ಸಿಂಧನೂರು
20-8-1985

ಶಿವಬಸಮ್ಮನವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ದೊಡ್ಡಬಸಪ್ಪನವರ ವಿಷಯದಲ್ಲಿ ನನಗಾದ ದುಃಖವನ್ನು ತಮಗೆ ಬಂದು ತಿಳಿಸಲು ಆಗಲಿಲ್ಲ. ಮೇಲಿನಿಂದ ಒಮ್ಮೆಲೇ ಆದೇಶ ಬಂದದ್ದರಿಂದ ಹೊರಡಬೇಕಾಯಿತು.

ಉಳಿದ ಜಾಗದಲ್ಲಿ ಈಗಲೂ ಮಡಿ ಕಟ್ಟಬಹುದು. ಇನ್ನು ಹುಬ್ಬಾ, ಉತ್ತರಾ ಮಳೆಗಳಿವೆ. ಇಳಿಜಾರು ಕಡಿಮೆ ಇರುವಲ್ಲಿ ಹದಿನೈದು ಅಡಿ ಉದ್ದ, ಅಷ್ಟೇ ಅಗಲ. ಹಳ್ಳದ ಕಡೆ ಹತ್ತು ಅಡಿ ಸಾಕು. ಬದು ಒಂದು ಗೇಣು ಎತ್ತರವಿರಲಿ. ಕಟ್ಟಿದ ಮೇಲೆ ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಉತ್ತರಾ ಮಳೆಯ ನಂತರ ಹದ ನೋಡಿ ಜೋಳ ಬಿತ್ತಬೇಕು. ಮಾಲದಂಡಿ ಬೀಜವೇ ಇರಲಿ. ಮಳೆ ಕೈಕೊಟ್ಟರೂ ಅದು ನೆಲದ ಹಸಿಯಲ್ಲೇ ತೆನೆ ಹಿಡಿಯುತ್ತದೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಡಿರಿ. ಒತ್ತಾಗಿ ಬಿತ್ತಿದರೆ ಇರುವ ಹಸಿ ಎಲ್ಲಕ್ಕೂ ಸಾಲುವುದಿಲ್ಲ.

ಬಿತ್ತುವ ಮೊದಲು ಎಲ್ಲ ಮಡಿಗಳನ್ನೂ ಒಡೆದು ನೆಲ ಸಮ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ಕೂರಿಗೆ ನಡೆಯುವುದಿಲ್ಲ. ಪ್ರತಿ ವರ್ಷ ಮುಂಗಾರಿನಲ್ಲಿ ಹೊಸದಾಗಿ ಕಟ್ಟುವುದು, ಹಿಂಗಾರಿನಲ್ಲಿ ಒಡೆಯುವುದು, ಇದೇ ಇದರ ಪದ್ಧತಿ.

ಒಂದು ಮಾತು. ಮೋಡ ಕಟ್ಟಿದ ಹೊತ್ತಿನಲ್ಲಿ ಯಾರನ್ನೂ ಹೊಲದ ಕೆಲಸಕ್ಕೆ ಕಳಿಸಬೇಡಿರಿ.

ತಮ್ಮ ವಿಶ್ವಾಸಿ,
ಆದೆಪ್ಪ


ಮಸ್ಕಿ
14-10-1985

ಆದೆಪ್ಪನವರಿಗೆ ಶರಣು.

ಬಿತ್ತಿದೆವು. ಉಳಿದ ಒಂದೂವರೆ ಎಕರೆಗೂ ಮಡಿ ಹಾಕಿದ್ದೆವು. ಹದಿನಾರು ದಿನ ಹಿಡಿಯಿತು. ಪಕ್ಕದ ಹೊಲದ ಜೈನಾಬೀ ಜೊತೆಗೆ ಬಂದಳು. ಅವಳಿಗೆ ಮೂರು ಎಕರೆ, ದಮ್ಮಿನ ರೋಗದ ಗಂಡ, ಒಂದು ಎತ್ತು.

ಅಂಬಪ್ಪ ತನ್ನ ಎತ್ತು ಕೊಡಲಿಲ್ಲ. ಕೇಳಲು ಹೋದಾಗ, "ಅತ್ತಿಗಿ, ಮಕ್ಕಳಿಲ್ಲ ಮರಿಯಿಲ್ಲ, ಯಾರಿಗಂತ ಇಷ್ಟು ಒದ್ದಾಡ್ತಿ? ಹೊಲ ನನಗ ಪಾಲಿಗೆ ಕೊಡು. ನಿಮಗಿಬ್ಬರಿಗೂ ವರ್ಷದ ಕಾಳು ತಂದು ಹಾಕ್ತೀನಿ" ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮನೆಗೆ ಬಂದು ಜೈನಾಬೀಗೆ ಹೇಳಿದೆ. ಅವಳು, "ನಿಂದೊಂದು ಎತ್ತು, ನಂದೊಂದು ಎತ್ತು. ಕೂಡಿದ್ರ ಜೋಡಿ ಆತಲ್ಲ. ಇದರಾಗ ಯಾರ್ನ ಕೇಳೂದೈತಿ?" ಎಂದಳು.

ನಮ್ಮವರು ಕಟ್ಟಿದ ಮಡಿಗಳನ್ನು ಒಡೆಯಬೇಕೆಂದು ನೀವು ಬರೆದಿದ್ದಿರಿ. ಆ ಸಾಲು ಎರಡು ಸಲ ಓದಿದೆ. ಕೆಲವು ಬದುಗಳ ಮೇಲೆ ಅವರ ಹೆಜ್ಜೆ ಹಾಗೆಯೇ ಒಣಗಿ ನಿಂತಿದ್ದವು. ಕುಂಟೆ ಹೂಡಿ ಒಡೆದೆ. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಏನೂ ಅನ್ನಿಸಲಿಲ್ಲ. ಅತ್ತೆ ಹೊಲದ ಅಂಚಿನ ಬದುವಿನ ಮೇಲೆ ಕೂತು ನೋಡಿದಳು.

ಕೂರಿಗೆ ಜೈನಾಬೀ ಹೊಡೆದಳು, ಬೀಜ ನಾನು ಬಿಟ್ಟೆ. ಹೆಂಗಸು ಕೂರಿಗೆ ಹೊಡೆಯುವುದನ್ನು ನೋಡಲು ರಸ್ತೆಯಲ್ಲಿ ಜನ ನಿಂತರು. ನಮ್ಮ ಎತ್ತು ಸಿಡಿಲು ಬಿದ್ದ ಆ ಜಾಗಕ್ಕೆ ಬಂದು ನಿಂತುಬಿಟ್ಟಿತು. ಜೈನಾಬೀ ಹೊಡೆಯಲಿಲ್ಲ. ಅದು ತಾನಾಗಿ ನಡೆಯುವವರೆಗೆ ನಿಂತೆವು. ಆಮೇಲೆ ನಡೆಯಿತು.

ಮೋಡದ ಮಾತು ಬರೆದಿದ್ದಿರಿ. ಅದು ನನಗೆ ಗೊತ್ತಿದೆ.

ಶಿವಬಸಮ್ಮ


ಮಸ್ಕಿ
18-2-1986

ಆದೆಪ್ಪನವರಿಗೆ ಶರಣು.

ನನ್ನ ಹಿಂದಿನ ಪತ್ರ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ಬಿತ್ತಿದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅಂಬಪ್ಪನ ಜೋಳ ಮೊಣಕಾಲುದ್ದಕ್ಕೆ ಬಂದು ಎಲೆ ಸುತ್ತಿಕೊಂಡು ನಿಂತಿತು. ಕೊನೆಗೆ ದನ ಬಿಟ್ಟ. ನಮ್ಮ ಹೊಲದ ನೆಲ ಒಳಗೆ ಹಸಿಯಾಗಿತ್ತು. ಪುಷ್ಯ ಮಾಸದಲ್ಲಿ ನೆಲ ಬಿರುಕು ಬಿಡತೊಡಗಿದಾಗ ಮೂರು ಸಲ ಸಾಲುಗಳ ನಡುವೆ ಎಡೆ ಹೊಡೆದು ಬಿರುಕು ಮುಚ್ಚಿದೆವು. ಇದನ್ನು ನೀವು ಹೇಳಿರಲಿಲ್ಲ. ಬಿರುಕಿನಲ್ಲಿ ಕೈ ಇಟ್ಟರೆ ಒಳಗಿನ ತಂಪು ಹೊರಗೆ ಬರುತ್ತಿತ್ತು. ಅದಕ್ಕೆ ಮುಚ್ಚಿದೆ.

ತೆನೆ ಚಲೋ ಆಗಿವೆ. ಮೊದಲು ಕಟ್ಟಿದ ಕಡೆ ಹೆಚ್ಚು, ಆಮೇಲೆ ಕಟ್ಟಿದ ಉಳಿದ ಮಡಿಗಳಲ್ಲಿ ಸ್ವಲ್ಪ ಕಡಿಮೆ. ಎಲ್ಲಿಂದ ಉಳಿದಿತ್ತೋ ಅಲ್ಲಿಂದ ಬೆಳೆಯ ಎತ್ತರವೇ ಬೇರೆ. ರಸ್ತೆಯಲ್ಲಿ ನಿಂತರೂ ಆ ಗೆರೆ ಕಾಣುತ್ತದೆ.

ಬರುವ ಸೋಮವಾರ ರಾಶಿ. ಜನ ಬಂದು ನೋಡಿ ಹೋಗುತ್ತಾರೆ. ನಾನು ಕಣದಲ್ಲಿ ನಿಂತಿರುತ್ತೇನೆ. ಸಂತೋಷವಾಗಬೇಕಿತ್ತು. ಯಾವುದೋ ಬೇರೆಯವರ ಹೊಲದ ಕೂಲಿಗೆ ಬಂದಂತೆ ಆಗುತ್ತದೆ. ನೀವು ಹೇಳಿಕೊಟ್ಟ ಬೆಳೆ, ಒಮ್ಮೆ ಬಂದು ನೋಡಿ ಹೋಗಿರಿ.

ಶಿವಬಸಮ್ಮ


ಮುಕ್ಕುಂದ
6-4-1986

ಶಿವಬಸಮ್ಮನವರಿಗೆ ನಮಸ್ಕಾರಗಳು.

ಉತ್ತರಿಸಲು ತಡವಾಯಿತು. ಕ್ಷಮಿಸಬೇಕು. ನಾನೀಗ ಸಿಂಧನೂರು ತಾಲೂಕಿನ ಮುಕ್ಕುಂದದಲ್ಲಿ ಮನೆ ಮಾಡಿದ್ದೇನೆ. ರಾಶಿಗೆ ಬರುವ ಮನಸ್ಸಿತ್ತು. ಕೆಲಸದಿಂದ ಬಿಡುವಾಗಲಿಲ್ಲ.

ಇಲ್ಲಿ ಎಲ್ಲಿ ನೋಡಿದರೂ ಭತ್ತ. ಒಣಬೇಸಾಯ ಕಲಿತು ಬಂದ ನನಗೆ ಇಲ್ಲಿ ಹೇಳುವುದು ಹೆಚ್ಚೇನೂ ಇಲ್ಲ. ನೆಲದ ಹಸಿ ಉಳಿಸಬೇಕೆಂದರೆ, "ಕಾಲುವಿ ಐತಲ್ರಿ ಸಾಹೇಬ್ರ" ಎಂದು ನಗುತ್ತಾರೆ.

ತಾವು ಬಿರುಕು ಮುಚ್ಚಿದ್ದು ಬಹಳ ಸರಿ. ನಾನು ಹೇಳಬೇಕಿತ್ತು, ಹೇಳಿರಲಿಲ್ಲ. ರಸ್ತೆಯ ಕಡೆಯ ಕೆಂಪು ಮಣ್ಣಿನ ಪಟ್ಟಿಯಲ್ಲಿ ಮುಂಗಾರಿಗೆ ಸಜ್ಜೆ ಹಾಕಿ, ನಡುನಡುವೆ ತೊಗರಿ ಸಾಲು ಬಿಡಿರಿ. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ.

ಉಳಿದ ಮಡಿಗಳ ಮಾತು ತಮ್ಮ ಪ್ರತಿ ಪತ್ರದಲ್ಲಿಯೂ ಬರುತ್ತದೆ. ಅದು ಯಾಕೆ ಉಳಿಯಿತು, ತಾವು ಯಾಕೆ ಬರೆಯುತ್ತೀರಿ ಎಂಬುದು ನನಗೆ ಅರ್ಥವಾಗುತ್ತದೆ.

ತಮ್ಮ ವಿಶ್ವಾಸಿ,
ಆದೆಪ್ಪ


ಮಸ್ಕಿ
2-7-1986

ಆದೆಪ್ಪನವರಿಗೆ ಶರಣು.

ನಿಮಗೆ ಏನು ಅರ್ಥವಾಯಿತೋ, ಯಾರು ಏನು ಹೇಳಿದರೋ ನನಗೆ ಗೊತ್ತಿಲ್ಲ. ನಾನು ಹೊಲದ ವಿಷಯ ಬಿಟ್ಟು ಬೇರೆ ಏನೂ ಬರೆದಿರಲಿಲ್ಲ.

ಈ ವರ್ಷ ಎಲ್ಲ ಮಡಿ ಕಟ್ಟಿಯಾಗಿದೆ. ಏನೂ ಉಳಿದಿಲ್ಲ. ಜೈನಾಬೀಯೂ ಕಟ್ಟಿದ್ದಾಳೆ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಶಿವಬಸಮ್ಮ


ಮಸ್ಕಿ
27-11-1988

ಆದೆಪ್ಪನವರಿಗೆ ಶರಣು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀವು ಮುಕ್ಕುಂದದಲ್ಲಿ ಇದ್ದೀರೋ ಇಲ್ಲವೋ ಗೊತ್ತಿಲ್ಲ.

ಈಗ ರಸ್ತೆಯ ಈ ಬದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೊಲದವರು ಮಡಿ ಕಟ್ಟುತ್ತಾರೆ. ಹೋದ ವರ್ಷ ಅಂಬಪ್ಪ ಬಂದು ಹೊಸ್ತಿಲಲ್ಲಿ ಕೂತ. ಬಹಳ ಹೊತ್ತು ಬೇರೆ ಏನೇನೋ ಮಾತಾಡಿ, "ಬದು ಎಷ್ಟು ಎತ್ತರ ಅಂತ ಹೇಳಿದ್ರು ಅತ್ತಿಗಿ, ಆ ಸಾಹೇಬ್ರು?" ಎಂದು ಕೇಳಿದ. ಒಂದು ಗೇಣು ಎಂದೆ. ತುಳಿದು ಗಟ್ಟಿ ಮಾಡಬೇಕೆಂದೂ ಹೇಳಿದೆ. ಬೀಜವನ್ನೂ ನಮ್ಮ ಮನೆಯಿಂದಲೇ ಒಯ್ದ. ಹೊಲ ಪಾಲಿಗೆ ಕೊಡು ಎನ್ನುವ ಮಾತು ಈಗ ಎತ್ತುವುದಿಲ್ಲ.

ಬರೆಯಲು ಕಾರಣ ಬೇರೆ. ಹೋದ ವಾರ ಲಿಂಗಸುಗೂರಿನಲ್ಲಿ ರೈತರ ಸಭೆ ಇತ್ತು. ನನ್ನನ್ನೂ ಜೈನಾಬೀಯನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ವೇದಿಕೆ ಮೇಲೆ ಕೂರಿಸಿದರು. ಒಬ್ಬ ಸಾಹೇಬರು ಮೈಕ್ ಕೊಟ್ಟು, "ಇದನ್ನ ಹೆಂಗ ಶುರು ಮಾಡಿದ್ರಿ, ಮೊದಲಿಂದ ಹೇಳ್ರಿ ಅಮ್ಮಾ" ಎಂದರು.

ಮಡಿಯ ಅಳತೆ ಹೇಳಲು ತಯಾರಾಗಿ ಹೋಗಿದ್ದೆ. ಮೊದಲಿಂದ ಎಂದಾಗ ನಾಲಿಗೆ ಏಳಲಿಲ್ಲ. ಎಷ್ಟು ಹೊತ್ತು ನಿಂತೆನೋ. ಕೊನೆಗೆ ಜೈನಾಬೀ ಎದ್ದು ಬಂದು ಮೈಕ್ ತೆಗೆದುಕೊಂಡು, "ಅಕಿ ಗಂಡ ಶುರು ಮಾಡಿದ್ದ್ರಿ, ಅಕಿ ಮುಗಿಸಿದ್ಲು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರು ವರ್ಷ ನನಗೆ ಅಳು ಬಂದಿಲ್ಲ. ಅವತ್ತೂ ಬರಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು.

ಶಿವಬಸಮ್ಮ


ಮುಕ್ಕುಂದ
11-12-1988

ಅಕ್ಕನವರಿಗೆ ಆದೆಪ್ಪನ ನಮಸ್ಕಾರಗಳು.

ಅಕ್ಕ ಎಂದು ಬರೆದದ್ದಕ್ಕೆ ಬೇಸರ ಮಾಡಬೇಡಿರಿ. ಇದನ್ನು ಓದಿದ ಮೇಲೆ ಆ ಮಾತು ಬೇಡವೆನಿಸಿದರೆ ಹೊಡೆದುಹಾಕಿರಿ.

ಆ ಸಭೆಗೆ ನಾನೂ ಬಂದಿದ್ದೆ. ಹಿಂದಿನ ಸಾಲಿನಲ್ಲಿದ್ದೆ. ತಾವು ಸುಮ್ಮನೆ ನಿಂತಾಗ ನನ್ನನ್ನು ನೋಡಿಯೇ ನಿಂತಿರಿ ಎಂದುಕೊಂಡೆ. ಸಭೆ ಮುಗಿಯುವ ಮೊದಲೇ ಎದ್ದು ಬಂದೆ.

ಅವತ್ತು ತಾವು ಹೇಳಲಾಗದೆ ಬಿಟ್ಟದ್ದರಲ್ಲಿ ನನ್ನ ಪಾಲು ಎಷ್ಟೆಂದು ಬರೆಯುತ್ತೇನೆ. ಜೂನ್ ಹನ್ನೊಂದರ ಸಂಜೆ ನಾನು ನಿಮ್ಮ ಮನೆಗೆ ಬಂದದ್ದು ನೆನಪಿರಬೇಕು. ಹದಿನಾಲ್ಕಕ್ಕೆ ಮೇಲಿನ ಸಾಹೇಬರು ನೋಡಲು ಬರುತ್ತಾರೆ, ಅಷ್ಟರೊಳಗೆ ಪೂರ್ತಿ ನಾಲ್ಕು ಎಕರೆ ಆಗಬೇಕು ಎಂದೆ. ದೊಡ್ಡಬಸಪ್ಪನವರು, "ಮೃಗಶಿರಾ ಮಳಿ ಐತ್ರಿ, ಗುಡುಗು ಭಾಳ. ಒಂದು ವಾರ ತಡದ್ರ ಚಲೋ" ಎಂದರು. ನಾನು, "ಸಾಹೇಬ್ರು ವಾರ ತಡಿಯಂಗಿಲ್ರಿ" ಎಂದೆ. ನನ್ನ ಹೆಸರು ಮೇಲೆ ಬರಲಿ ಎಂಬ ಆಸೆ ಇತ್ತು.

ಇಷ್ಟು ತಮಗೂ ಗೊತ್ತು. ಗೊತ್ತಿಲ್ಲದ್ದು ಇದು. ಸಾಹೇಬರ ಭೇಟಿ ರದ್ದಾಗಿತ್ತು. ಹನ್ನೆರಡರ ಬೆಳಿಗ್ಗೆ ಹತ್ತು ಗಂಟೆಗೇ ನನಗೆ ತಂತಿ ಬಂದಿತ್ತು. ಹೊಲಕ್ಕೆ ಸೈಕಲ್ಲಿನಲ್ಲಿ ಅರ್ಧ ತಾಸಿನ ದಾರಿ. ಬಿಸಿಲಿತ್ತು. ಸಂಜೆ ಹೇಳಿದರಾಯಿತು ಎಂದು ಮಲಗಿದೆ. ಗುಡುಗಿಗೆ ಎಚ್ಚರವಾಯಿತು.

ನನ್ನನ್ನು ಯಾರೂ ವರ್ಗ ಮಾಡಲಿಲ್ಲ. ನಾನೇ ಅರ್ಜಿ ಕೊಟ್ಟು ಬಂದೆ. ಲಿಂಗಸುಗೂರಿಗೆ ಹೋಗುವ ಬಸ್ಸು ನಿಮ್ಮ ಹೊಲದ ಮುಂದೆಯೇ ಹೋಗುತ್ತದೆ. ನಾನು ಆ ಕಡೆಯ ಕಿಟಕಿಯಲ್ಲಿ ಕೂರುವುದಿಲ್ಲ.

ತಾವು ಉಳಿದ ಮಡಿಗಳ ಬಗ್ಗೆ ಬರೆದಾಗಲೆಲ್ಲ ನನ್ನನ್ನೇ ಕೇಳುತ್ತಿದ್ದೀರಿ ಎಂದು ತಿಳಿದೆ. ಉತ್ತರ ಬೇಕಿಲ್ಲ.

ಆದೆಪ್ಪ


ಮಸ್ಕಿ
10-4-1989

ಆದೆಪ್ಪನಿಗೆ ಶಿವಬಸಮ್ಮನ ಶರಣು.

ನಾಲ್ಕು ತಿಂಗಳಾಯಿತು. ತಂತಿಯ ವಿಷಯ ನನಗೆ ಗೊತ್ತಿರಲಿಲ್ಲ. ಪತ್ರ ಓದಿ ಮಡಚಿ ಗೂಡಿನಲ್ಲಿಟ್ಟು ಎಡೆ ಹೊಡೆಯಲು ಹೋದೆ. ಮರುದಿನವೂ ಹೋದೆ. ಕೊಯ್ಲು, ರಾಶಿ ಎಲ್ಲ ಮುಗಿಯಿತು. ನಿನ್ನ ಮೇಲೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಈಗ ಬರೆಯುತ್ತೇನೆ.

ಹನ್ನೆರಡರ ಮಧ್ಯಾಹ್ನ ನಮ್ಮವರು ಮನೆಗೆ ಬಂದಿದ್ದರು. ಉಂಡು ಕಟ್ಟೆಯ ಮೇಲೆ ಅಡ್ಡಾದರು. "ಮೂಡಲ ಕಡಿ ಕಪ್ಪಾಗೈತಿ. ಉಳಿದಿದ್ದು ನಾಳೆ ನೋಡೂಣು" ಎಂದರು. ನಾನು ಬಿಡಲಿಲ್ಲ. "ನಾಳೆ ಬಿಟ್ರ ನಾಡದು ಸಾಹೇಬ್ರು ಬರ್ತಾರ. ಅರ್ಧಾ ಹೊಲ ನೋಡಿ ನಗ್ತಾರ. ಊರ ಮಂದಿ ನಕ್ಕಿದ್ದು ಸಾಲದೇನು? ಇನ್ನೆರಡು ಸಾಲು ಹಾಕಿ ಬರ್ರಿ" ಎಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎತ್ತು ಬಿಚ್ಚಿಕೊಂಡು ಹೋದರು.

ಇದನ್ನು ನಾನು ಯಾರಿಗೂ ಹೇಳಿಲ್ಲ. ನಿನ್ನ ಮೊದಲ ಪತ್ರದಲ್ಲಿ ಮೋಡ ಕಟ್ಟಿದಾಗ ಯಾರನ್ನೂ ಕಳಿಸಬೇಡಿರಿ ಎಂದಿತ್ತು. ಇವನಿಗೆ ಹೇಗೋ ತಿಳಿದಿದೆ ಎಂದುಕೊಂಡೆ. ಆಮೇಲೆ ನೀನು "ನನಗೆ ಅರ್ಥವಾಗುತ್ತದೆ" ಎಂದು ಬರೆದಾಗ ಅದು ಖಾತ್ರಿಯಾಯಿತು. ಅದಕ್ಕೆ ಬರೆಯುವುದು ನಿಲ್ಲಿಸಿದೆ. ಸಭೆಯಲ್ಲಿ ನಿನ್ನನ್ನು ನಾನು ನೋಡಲೇ ಇಲ್ಲ. ಮೊದಲಿಂದ ಹೇಳು ಎಂದರೆ ನನಗೆ ನೆನಪಾಗುವುದು ಆ ಕಟ್ಟೆ.

ನಿನ್ನದೂ ತಪ್ಪಲ್ಲ, ನನ್ನದೂ ಅಲ್ಲ ಎಂದು ಬರೆಯಬೇಕೆಂದು ಎಷ್ಟೋ ಸಲ ಕೂತೆ. ಬರೆಯಲು ಆಗಲಿಲ್ಲ. ಹೊಡೆದುಹಾಕು ಎಂದಿದ್ದೆಯಲ್ಲ, ಅಕ್ಕ ಎನ್ನುವ ಮಾತು. ಅದನ್ನೂ ಹೊಡೆದಿಲ್ಲ.

ಮುಂದಿನ ರಾಶಿಗೆ ಬಾ.

ಶಿವಬಸಮ್ಮ


ಮುಕ್ಕುಂದ
30-1-1990

ಅಕ್ಕನವರಿಗೆ ನಮಸ್ಕಾರಗಳು.

ಹತ್ತು ತಿಂಗಳಲ್ಲಿ ಮೂರು ಪತ್ರ ಬರೆದು ಹರಿದೆ. ಫೆಬ್ರುವರಿ ಹನ್ನೆರಡಕ್ಕೆ ಬರುತ್ತೇನೆ. ಬೆಳಗಿನ ಬಸ್ಸಿಗೆ.

ಆದೆಪ್ಪ


ಮಸ್ಕಿ
3-3-1990

ತಮ್ಮ ಆದೆಪ್ಪನಿಗೆ ಅಕ್ಕನ ಶರಣು.

ಸುಖವಾಗಿ ಮುಟ್ಟಿದೆ ಎಂದು ತಿಳಿದಿದ್ದೇನೆ. ಜೈನಾಬೀ ನಿನ್ನನ್ನು ಕೇಳುತ್ತಿದ್ದಳು. "ಬಂದ ಮನಷ್ಯಾ ಹೊಲದ ಬದುವಿನ ಮ್ಯಾಲ ನಿಂತಾಂವ ನಿಂತೇ ಬಿಟ್ನಲ್ಲ. ಒಳಗ ಬರ್ರಿ ಅಂತ ನೀ ಮೂರು ಸಲ ಕರೀಬೇಕಾತು" ಎಂದಳು. ನೀನು ಒಳಗೆ ಬಂದು ಸುತ್ತಾಡಿ ತೆನೆ ಮುರಿದು ಕಾಳು ನೋಡಿದೆ. ನಾವಿಬ್ಬರೂ ಅದರ ಮಾತು ಎತ್ತಲಿಲ್ಲ. ಅದೇ ಸರಿಯಾಯಿತು.

ನೀನು ಹೋದ ಮೇಲೆ ಆದದ್ದನ್ನು ತಿಳಿಸಬೇಕು. ನಿನಗೆ ಮಜ್ಜಿಗೆ ಕೊಡುವಾಗ ಅತ್ತೆ ತೀರ ಹತ್ತಿರದಿಂದ ನಿನ್ನ ಮುಖ ನೋಡಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಬಂದು ಕೂತು, "ಅಂವ ಯಾಕ ಕಣ್ಣಾಗ ನೀರು ತಂದ?" ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ತೆಗೆದೆ. ಹೊರಗೆ ಬಂದದ್ದು ಬೇರೆ. ತಂತಿಯ ವಿಷಯ ಹೇಳಿದೆ. ನಿನ್ನದು ಹೇಳಿದ ಮೇಲೆ ನನ್ನದು ಹೇಳದೆ ಇರಲಾಗಲಿಲ್ಲ. "ಅತ್ತಿ, ಅವತ್ತು ಅವ್ರು ಹೋಗಂಗಿಲ್ಲ ಅಂದಿದ್ರು. ಕಳಿಸಿದಾಕಿ ನಾನು" ಎಂದೆ.

ಹಂಚಿನ ಮೇಲಿನ ರೊಟ್ಟಿ ಸೀದಿತು. ಅದನ್ನು ಅತ್ತೆಯೇ ತೆಗೆದಿಟ್ಟಳು. ಆಮೇಲೆ ಹೇಳಿದಳು:

"ನನಗ ಗೊತ್ತೈತಿ. ನಾ ಪಡಸಾಲ್ಯಾಗ ಕಾಳು ಹಸನ ಮಾಡಾಕತ್ತಿದ್ದೆ. ಅಂವ ಅಡ್ಡಾಗಿದ್ದು ನೋಡಿ ನಂಗೂ ಸಿಟ್ಟು ಬಂದಿತ್ತು. ಹಿಡಿದ ಕೆಲಸ ಮುಗಿಸೋ ಅಂತ ನಾನೂ ಬಾಯಿ ತೆಗದಿದ್ದೆ. ನೀ ಮೊದಲು ಅಂದಿ. ಅಷ್ಟ."

ಐದು ವರ್ಷ ನಾವಿಬ್ಬರೂ ಒಂದೇ ಒಲೆಯ ಮುಂದೆ ಉಂಡಿದ್ದೇವೆ ಆದೆಪ್ಪ. ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಹಿಟ್ಟಿನ ಕೈಯಲ್ಲೇ ಕೂತಿದ್ದೆ. ಅವಳು ಹಿಟ್ಟು ಕಲಸುವ ಕೊಣಮಿಗೆ ನನ್ನ ಮುಂದಿನಿಂದ ಎಳೆದುಕೊಂಡು ಉಳಿದ ಹಿಟ್ಟು ನಾದತೊಡಗಿದಳು. "ಏಳಬ್ಯಾಡ, ಕುಂದ್ರು. ಇವತ್ತು ನಾ ಬಡೀತೀನಿ" ಎಂದಳು. ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆಗುತ್ತಿದ್ದವು. ನಾನು ಕೂತು ನೋಡುತ್ತಿದ್ದೆ. ಮೂರನೆಯ ರೊಟ್ಟಿಗೆ ನನಗೆ ಅಳು ಬಂತು. ಅವಳು ಬಡಿಯುವುದು ನಿಲ್ಲಿಸಲಿಲ್ಲ.

ಶಿವಬಸಮ್ಮ